ಮನೆ ಕೋಣೆಯಲ್ಲಿ ಪಿಎ ಸ್ಪೀಕರ್: ಡಿಜೆ ಅಭ್ಯಾಸಕ್ಕೆ ಸದ್ದು ಹದಮಾಡುವ ಸಮಗ್ರ ಮಾರ್ಗದರ್ಶಿ

ಮೇ ಕೊನೆಗೆ ಮದುವೆಗಳು ಮುಗಿದು ಮಳೆ ಹಿಡಿಯಿತೆಂದರೆ ಕಾರವಾರದಿಂದ ಭಟ್ಕಳದವರೆಗೆ ಸೌಂಡ್ ಪೆಟ್ಟಿಗೆಗಳು, ಅಂದರೆ ಸಮಾರಂಭಗಳಿಗೆ ಹಾಕುವ ಪಿಎ ಸ್ಪೀಕರುಗಳು, ಮನೆ ಸೇರುತ್ತವೆ. ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಆದರೆ ಅಂಗಳದ ಚಪ್ಪರದಲ್ಲಿ ಜನರನ್ನು ಕುಣಿಸಿದ ಅದೇ 12 ಇಂಚಿನ ಪೆಟ್ಟಿಗೆ, ಹತ್ತು-ಹನ್ನೆರಡು ಅಡಿಯ ಕೋಣೆಯೊಳಗೆ ಬಂದ ಕೂಡಲೇ ಕಿವಿ ಚುಚ್ಚುತ್ತದೆ. ಬೇಸ್ ಒಂದು ಮೂಲೆಯಲ್ಲಿ ಗುಮ್ಮೆನ್ನುತ್ತದೆ, ನಡುಮನೆಯಲ್ಲಿ ನಿಂತರೆ ಮಾಯ. ಹಾಡು ನಿಲ್ಲಿಸಿದರೆ ಸುಸ್ ಎಂಬ ಸದ್ದು. ಆಗ ಎಲ್ಲರ ಕೈಯೂ ಮೊದಲು ಹೋಗುವುದು ಇಕ್ಯೂ (ಬೇಸ್, ಟ್ರೆಬಲ್ ಏರಿಳಿಸುವ ನಾಬುಗಳು) ಕಡೆಗೆ, ಕೆಲಸ ಕೆಡುವುದೂ ಅಲ್ಲೇ. ಇಕ್ಯೂ ಕಟ್ಟಕಡೆಗೆ. ಮೊದಲು ಕರೆಂಟು ಮತ್ತು ವೈರು, ಆಮೇಲೆ ಗೇನ್ (ಸದ್ದನ್ನು ಎಷ್ಟು ಹಿಗ್ಗಿಸಬೇಕೆಂಬ ಹದ), ಆಮೇಲೆ ಪೆಟ್ಟಿಗೆ ಇಡುವ ಜಾಗ, ಅದಾದ ಮೇಲೆ ಕೋಣೆ. ಈ ಕ್ರಮ ತಪ್ಪಿದರೆ ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಹಾಳುಮಾಡುತ್ತೀರಿ.

ಇಲ್ಲಿ ಹೇಳುವುದು ಆಂಪ್ಲಿಫೈಯರ್ ಒಳಗೇ ಇರುವ ಆಕ್ಟಿವ್ ಪೆಟ್ಟಿಗೆಗಳಿಗೆ. ಬೇರೆ ಆಂಪ್ ಇಟ್ಟು ಓಡಿಸುವವರು ಸ್ಪೀಕರಿನ ಗೇನ್ ನಾಬ್ ಎಂದಲ್ಲೆಲ್ಲ ಆಂಪಿನ ನಾಬ್ ಎಂದು ಓದಿಕೊಂಡರೆ ಸಾಕು. ಕೈಗೆ ಬೇಕಾದದ್ದು ಒಂದು ಮಲ್ಟಿಮೀಟರ್, ಅಳತೆ ಟೇಪು, ಫೋನಿನಲ್ಲಿ ಸದ್ದು ಅಳೆಯುವ ಒಂದು ಆ್ಯಪ್. ಆ್ಯಪಿನ ಅಂಕಿ ಮೂರ್ನಾಲ್ಕು ಡಿಬಿ (ಡೆಸಿಬೆಲ್, ಸದ್ದಿನ ಅಳತೆ) ಆಚೀಚೆ ಇದ್ದರೂ ನಮ್ಮ ಕೆಲಸಕ್ಕೆ ನಡೆಯುತ್ತದೆ.

ಪೆಟ್ಟಿಗೆ ಮನೆಯಲ್ಲಿ ಹೀಗೇಕೆ ಆಡುತ್ತದೆ

ಒಂದು ಸಣ್ಣ ಲೆಕ್ಕ ಮಾಡಿ. ಸಾಧಾರಣ 12 ಇಂಚಿನ ಪಿಎ ಪೆಟ್ಟಿಗೆಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ ಸುಮಾರು 97 ಡಿಬಿ ಸದ್ದು ಬರುತ್ತದೆ. ಮನೆಯಲ್ಲಿ ನಮಗೆ ಬೇಕಾದದ್ದು 80 ಡಿಬಿಯೊಳಗೆ. ಅಂದರೆ 17 ಡಿಬಿ ಕಡಿಮೆ, ಒಂದು ವ್ಯಾಟಿನ ಐವತ್ತನೇ ಒಂದು ಪಾಲು! ಹಿಂಬದಿಗೆ 1000 ವ್ಯಾಟ್ ಎಂದು ಬರೆದ ಯಂತ್ರವನ್ನು ನಾವು ಓಡಿಸುವುದು ಇಷ್ಟರಲ್ಲಿ. ಹತ್ತಾರು ಮೀಟರ್ ಆಚೆ ನಿಂತವರಿಗೆ ಎಂದೂ ಕೇಳದ ಆಂಪಿನ ಸುಸ್ ಸದ್ದು ಹತ್ತಿರದಲ್ಲಿ ಇಷ್ಟು ಢಾಳಾಗಿ ಕೇಳುವುದು ಇದಕ್ಕೇ. ಹಾರ್ನ್, ಅಂದರೆ ಟ್ರೆಬಲ್ ಹೊರಡುವ ಕಹಳೆಯಂಥ ಬಾಯಿ, ಸಣ್ಣದನ್ನೂ ದೊಡ್ಡದು ಮಾಡಿ ಎಸೆಯುವ ಸಾಧನವಲ್ಲವೇ.

ಎರಡನೆಯದು, ಪೆಟ್ಟಿಗೆಯಲ್ಲಿ ಸದ್ದು ಬರುವ ಬಾಯಿ ಎರಡು. ಸದ್ದಿನ ಕಂಪನವನ್ನು ಹರ್ಟ್ಸಿನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಬೇಸ್, ಹೆಚ್ಚಾದಷ್ಟೂ ಟ್ರೆಬಲ್. ಸುಮಾರು 2000 ಹರ್ಟ್ಸ್‌ವರೆಗೆ ದೊಡ್ಡ ಕೋನ್, ಅದರ ಮೇಲಿನದು ಹಾರ್ನ್. ಒಂದೂವರೆ ಮೀಟರ್ ದೂರ ಹೋದರೆ ಎರಡೂ ಬೆರೆತು ಒಂದಾಗಿ ಕೇಳುತ್ತದೆ. ಕೈಯಳತೆಯಲ್ಲಿ ಕಿವಿಯಿಟ್ಟರೆ ಕಿಕ್ (ದೊಡ್ಡ ಡ್ರಮ್ಮಿನ ಏಟು) ಒಂದೆಡೆಯಿಂದ, ಹೈಹ್ಯಾಟ್ (ಡ್ರಮ್ ಸೆಟ್ಟಿನ ತಾಳದ ಸದ್ದು) ಇನ್ನೊಂದೆಡೆಯಿಂದ.

ಮೂರನೆಯದು ಕಿವಿಯದ್ದೇ ಸ್ವಭಾವ. ಸದ್ದು ಸಣ್ಣದಾದಷ್ಟೂ ಕಿವಿಗೆ ಬೇಸ್ ಕಡಿಮೆ ಕೇಳುತ್ತದೆ. ಚಪ್ಪರದಲ್ಲಿ ತುಂಬಿಕೊಂಡಿದ್ದ ಅದೇ ಹಾಡು ಮನೆಯಲ್ಲಿ ತೆಳ್ಳಗಾಗಿ ಕೇಳಿದರೆ ಸ್ಪೀಕರ್ ಕೆಟ್ಟಿತೆಂದು ಅರ್ಥವಲ್ಲ.

ಕರೆಂಟು, ಅರ್ಥಿಂಗ್, ಗುಂಯ್ ಸದ್ದು

ಎರಡೂ ಸ್ಪೀಕರ್, ಕಂಟ್ರೋಲರ್ (ಲ್ಯಾಪ್‌ಟಾಪಿನ ಹಾಡುಗಳನ್ನು ಬೆರೆಸುವ ಡಿಜೆ ಯಂತ್ರ), ಲ್ಯಾಪ್‌ಟಾಪ್ ಚಾರ್ಜರ್ ಎಲ್ಲವನ್ನೂ ಒಂದೇ ಗೋಡೆ ಪಾಯಿಂಟಿನಿಂದ, ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿನ ಮೂಲಕ ತೆಗೆದುಕೊಳ್ಳಿ. ಮನೆಯ ಮಟ್ಟದ ಸದ್ದಿಗೆ ಎಳೆಯುವ ಕರೆಂಟು ಅತಿ ಕಡಿಮೆ, ಬೋರ್ಡಿಗೆ ಭಾರವಾಗುವುದಿಲ್ಲ. ಒಂದು ಪೆಟ್ಟಿಗೆ ಜಗಲಿಯ ಪಾಯಿಂಟಿಗೆ, ಇನ್ನೊಂದು ಒಳಕೋಣೆಯದ್ದಕ್ಕೆ ಹಾಕಿದರೆ ಎರಡು ಅರ್ಥ್ ದಾರಿಗಳ ನಡುವೆ ಸುತ್ತು ಬಿದ್ದು 50 ಹರ್ಟ್ಸಿನ ಗುಂಯ್ ಶುರುವಾಗುತ್ತದೆ.

ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಮೂರು ಅಳತೆ ತೆಗೆಯಿರಿ. ಫೇಸ್-ನ್ಯೂಟ್ರಲ್ ನಡುವೆ 230ರ ಆಸುಪಾಸು, ಫೇಸ್-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ನಡುವೆ ಎರಡು-ಮೂರು ವೋಲ್ಟಿನೊಳಗೆ ಇರಬೇಕು. ಫೇಸ್-ಅರ್ಥ್ ತೀರ ಕಡಿಮೆ ತೋರಿಸಿದರೆ ಅರ್ಥ್ ಇದ್ದೂ ಇಲ್ಲದಂತೆ. ಚಿರೆಕಲ್ಲಿನ ನೆಲದಲ್ಲಿ ಮಾರ್ಚ್ ದಾಟಿದರೆ ಅರ್ಥ್ ಗುಂಡಿ ಒಣಗುತ್ತದೆ. ಮಳೆಗಾಲದಲ್ಲಿ ಸುಮ್ಮನಿದ್ದ ಸಿಸ್ಟಮ್ ಬೇಸಿಗೆಯಲ್ಲಿ ಗುಂಯ್‌ಗುಟ್ಟುವುದು ಹೀಗೆ. ಗುಂಡಿಗೆ ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ದು ನೋಡಿ. ಅದರಿಂದಲೂ ಸರಿಹೋಗದಿದ್ದರೆ ವೈರಿಂಗಿನವರನ್ನು ಕರೆಯಿರಿ. ಗುಂಯ್ ತಪ್ಪಿಸಲೆಂದು ಪ್ಲಗ್ಗಿನ ದಪ್ಪ ಪಿನ್ ಕತ್ತರಿಸುವುದು, ಅದಕ್ಕೆ ಟೇಪು ಸುತ್ತುವುದು ನಮ್ಮ ಕಡೆ ಬಹಳ ಹಳೆಯ ಚಾಳಿ. ಮಾಡಲೇಬೇಡಿ. ಒದ್ದೆ ನೆಲ, ಕಬ್ಬಿಣದ ಸ್ಟ್ಯಾಂಡ್, ಅರ್ಥ್ ಇಲ್ಲದ ಯಂತ್ರ ಮೂರೂ ಸೇರಿದರೆ ಜೀವಕ್ಕೇ ಅಪಾಯ.

ಸದ್ದಿನ ಮೂಲ ಹಿಡಿಯುವುದು ಹೀಗೆ. ಸ್ಪೀಕರಿನಿಂದ ಆಡಿಯೊ ಕೇಬಲ್ ಕಿತ್ತು ಬರೀ ಕರೆಂಟಿನಲ್ಲಿಡಿ. ಸುಮ್ಮನಿದ್ದರೆ ಸ್ಪೀಕರ್ ಸರಿಯಿದೆ. ಕೇಬಲ್ ಹಾಕಿ, ಕಂಟ್ರೋಲರ್ ಜೋಡಿಸಿ, ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಓಡಲಿ. ಈಗಲೂ ಸುಮ್ಮನಿದೆಯೇ? ಈಗ ಚಾರ್ಜರ್ ಹಾಕಿ. ಮೌಸ್ ಸರಿಸಿದಾಗ ಬದಲಾಗುವ ಕಿರಿಕಿರಿ ಸದ್ದು ಬಂದರೆ ಅದು ಚಾರ್ಜರಿನದ್ದು, ಯುಎಸ್‌ಬಿ ಮೂಲಕ ಕಂಟ್ರೋಲರಿಗೆ ಇಳಿದಿದೆ. ಒಂದೆರಡು ತಾಸಿನ ಅಭ್ಯಾಸವಾದರೆ ಬ್ಯಾಟರಿಯಲ್ಲೇ ಮುಗಿಸಿ. ಕಾಯಂ ಪರಿಹಾರ ಬೇಕೆಂದರೆ ಕಂಟ್ರೋಲರ್ ಮತ್ತು ಸ್ಪೀಕರ್ ನಡುವೆ 1:1 ಲೈನ್ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಎರಡು ಬದಿಯ ಅರ್ಥ್ ಬೇರ್ಪಡಿಸಿ ಹಾಡನ್ನಷ್ಟೇ ದಾಟಿಸುವ ಡಬ್ಬಿ) ಹಾಕಬೇಕು. ಅತಿ ಅಗ್ಗದ್ದು ಬೇಡ, ಅದರ ಸಣ್ಣ ಕೋರ್ ಕಿಕ್ಕಿನ ತಳವನ್ನೇ ನುಂಗುತ್ತದೆ. ಕರೆಂಟು ಹೋದಾಗ ಮಾತ್ರ ಝರ್ರೆಂದರೆ ಮನೆಯ ಇನ್ವರ್ಟರ್ ಸ್ಕ್ವೇರ್ ವೇವ್ ಇರಬೇಕು. ಸೈನ್ ವೇವ್ ಇನ್ವರ್ಟರಿನಲ್ಲಿ ಈ ತೊಂದರೆ ಇಲ್ಲ.

ಕೇಬಲ್ ವಿಷಯ

ಡಿಡಿಜೆ-ಎಫ್‌ಎಲ್‌ಎಕ್ಸ್4 ತರಹದ ಚಿಕ್ಕ ಕಂಟ್ರೋಲರುಗಳಲ್ಲಿ ಮಾಸ್ಟರ್ ಔಟ್ (ಬೆರೆತ ಹಾಡು ಸ್ಪೀಕರಿಗೆ ಹೊರಡುವ ದಾರಿ) ಇರುವುದು ಆರ್‌ಸಿಎಯಲ್ಲಿ (ನಡುವೆ ಒಂದು ಪಿನ್, ಸುತ್ತ ಬಳೆ ಇರುವ ಪ್ಲಗ್) ಮಾತ್ರ, ಸ್ಪೀಕರಿನಲ್ಲಿ ಬೇಕಾದದ್ದು ಎಕ್ಸ್‌ಎಲ್‌ಆರ್ (ಮೈಕಿಗೆ ಹಾಕುವ ಮೂರು ಪಿನ್ನಿನ ಪ್ಲಗ್). ನಡುವಿನ ಕೇಬಲ್ ಸಿದ್ಧ ಸಿಗುತ್ತದೆ. ಆದರೆ ಬೆಸುಗೆ ಗೊತ್ತಿದ್ದವರು ಮನೆಯಲ್ಲೇ ಮಾಡಿಕೊಳ್ಳುವುದು ಒಳ್ಳೆಯದು, ಯಾಕೆಂದರೆ ಒಳಗಿನ ಜೋಡಣೆಯಲ್ಲೇ ಗುಟ್ಟಿದೆ. ಎರಡು ತಂತಿ ಮತ್ತು ಜಾಲರಿ ಇರುವ ಮೈಕ್ ಕೇಬಲ್ ತೆಗೆದುಕೊಳ್ಳಿ. ಕೆಂಪು ತಂತಿ ಆರ್‌ಸಿಎಯ ನಡುಪಿನ್ನಿನಿಂದ ಎಕ್ಸ್‌ಎಲ್‌ಆರಿನ 2ನೇ ಪಿನ್ನಿಗೆ. ಇನ್ನೊಂದು ತಂತಿ ಆರ್‌ಸಿಎಯ ಹೊರಬಳೆಯಿಂದ 3ನೇ ಪಿನ್ನಿಗೆ. ಜಾಲರಿ ಒಂದು ತುದಿ ಅದೇ ಹೊರಬಳೆಗೆ, ಇನ್ನೊಂದು ತುದಿ 1ನೇ ಪಿನ್ನಿಗೆ. ಎಕ್ಸ್‌ಎಲ್‌ಆರ್ ಒಳಗೇ 1 ಮತ್ತು 3ನ್ನು ತುಂಡು ತಂತಿಯಿಂದ ಸೇರಿಸಿದ ಕೇಬಲ್‌ಗಳೂ ಬರುತ್ತವೆ. ಸದ್ದು ಬರುತ್ತದೆ, ಆದರೆ ಅರ್ಥಿನ ಗಲೀಜು ಕರೆಂಟು ಹಾಡು ಹೋಗುವ ದಾರಿಯಲ್ಲೇ ಹರಿಯುತ್ತದೆ. ಮೊದಲ ವಿಧಾನದಲ್ಲಿ ಅದು ಬಹುಪಾಲು ಜಾಲರಿಯಲ್ಲೇ ಹೋಗಿಬಿಡುತ್ತದೆ.

ಆರ್‌ಸಿಎ ಓಟ ಮೂರು ಮೀಟರಿನೊಳಗಿರಲಿ. ಕರೆಂಟು ವೈರಿನ ಜೊತೆ ಉದ್ದಕ್ಕೂ ಕಟ್ಟಬೇಡಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಿ. ಬ್ಲೂಟೂತ್ ಇರುವ ಪೆಟ್ಟಿಗೆಯಾದರೂ ಡಿಜೆ ಅಭ್ಯಾಸಕ್ಕೆ ಅದನ್ನು ಮುಟ್ಟಬೇಡಿ. ನೂರಿನ್ನೂರು ಮಿಲಿಸೆಕೆಂಡ್ ತಡವಾದ ಸದ್ದಿನಲ್ಲಿ ಬೀಟ್ ಕೂಡಿಸಲು ಯಾರಿಗೂ ಆಗದು.

ಒಂದೇ ಸ್ಪೀಕರ್ ಇದ್ದರೆ ಎಡದ ಕೇಬಲ್ ಮಾತ್ರ ಹಾಕಬೇಡಿ, ಹಾಡಿನ ಕೆಲವು ವಾದ್ಯ ಕಾಣೆಯಾಗುತ್ತವೆ. ಹೆಚ್ಚಿನ ಪೆಟ್ಟಿಗೆಗಳಿಗೆ ಎರಡು ಇನ್‌ಪುಟ್ ಇರುತ್ತವೆ. ಒಂದಕ್ಕೆ ಎಡ, ಇನ್ನೊಂದಕ್ಕೆ ಬಲ ಕೊಟ್ಟು ಎರಡೂ ನಾಬ್ ಸಮ ಇಟ್ಟರೆ ಒಳಗೇ ಬೆರೆಯುತ್ತದೆ. ವೈ ಕೇಬಲಿನಿಂದ ಎರಡು ಔಟ್‌ಪುಟ್ ನೇರ ಸೇರಿಸುವುದು ತಪ್ಪು, ಒಂದು ಇನ್ನೊಂದನ್ನು ತಳ್ಳುತ್ತದೆ.

ಗೇನ್ ಕೂಡಿಸುವುದು

ಇದೊಂದು ಸರಿಹೋದರೆ ಅರ್ಧ ದೂರು ಮುಗಿದಂತೆ.

ಸ್ಪೀಕರ್ ಹಿಂದಿನ ಮೈಕ್/ಲೈನ್ ಸ್ವಿಚ್ ಲೈನಿನಲ್ಲಿರಲಿ. ಮೈಕಿನಲ್ಲಿದ್ದರೆ ನಾಬ್ ಅಲುಗಿಸಿದರೂ ಕೂಗುತ್ತದೆ, ಒಳಗಿನ ಪ್ರೀಆಂಪ್ ಒಡೆದು ಕರಕರ ಅನ್ನುತ್ತದೆ. ಸ್ಪೀಕರ್ ನಾಬ್ ಪೂರ್ತಿ ಇಳಿಸಿ. ಕಂಟ್ರೋಲರಿನ ಹೈ, ಮಿಡ್, ಲೋ, ಫಿಲ್ಟರ್ ಎಲ್ಲ ನಡುವಿಗೆ ತನ್ನಿ. ಹಾಡಿನ ಅತಿ ಜೋರಾದ ಭಾಗ, ಅಂದರೆ ಡ್ರಾಪ್ (ಬೇಸ್, ಬೀಟ್ ಒಮ್ಮೆಲೇ ಬಂದಿಳಿಯುವ ಜಾಗ) ಬಿದ್ದ ನಂತರದ್ದನ್ನು ಹಾಕಿ. ಶುರುವಿನ ಮೆಲ್ಲನೆಯ ಭಾಗ ನೋಡಿ ಹೊಂದಿಸಿದರೆ ಮುಂದೆ ಕೆಂಪು ದೀಪ ಖಂಡಿತ. ಟ್ರಿಮ್ (ಕಂಟ್ರೋಲರಿನಲ್ಲಿ ಆ ಹಾಡಿನ ಗೇನ್ ನಾಬ್) ತಿರುಗಿಸಿ, ಮೀಟರಿನಲ್ಲಿ ಹಸಿರು ತುಂಬಿ ಕಿಕ್ಕಿಗೊಮ್ಮೆ ಮೊದಲ ಹಳದಿ ಮಿನುಗುವಲ್ಲಿ ನಿಲ್ಲಿಸಿ. ಮಾಸ್ಟರ್ ನಾಬನ್ನು ಗಡಿಯಾರದ 12 ಗಂಟೆಯ ಜಾಗಕ್ಕೆ ತಂದು ಅಲ್ಲೇ ಬಿಡಿ. ಈಗ ಸ್ಪೀಕರ್ ನಾಬ್ ಮೆಲ್ಲಗೆ ಏರಿಸುತ್ತ, ನೀವು ನಿಲ್ಲುವ ಜಾಗದಲ್ಲಿ ಫೋನ್ ಹಿಡಿದು 75ರಿಂದ 78 ಡಿಬಿ ಬಂದಲ್ಲಿ ನಿಲ್ಲಿಸಿ. ಎರಡನೇ ಸ್ಪೀಕರನ್ನೂ ಒಂಟಿಯಾಗಿ ಓಡಿಸಿ ಅದೇ ಅಂಕಿಗೆ ತನ್ನಿ. ಎರಡಕ್ಕೂ ಒಂದೊಂದು ಟೇಪು ಅಂಟಿಸಿ ಗುರುತು ಹಾಕಿಡಿ. ಇನ್ನು ಮುಂದೆ ಸದ್ದು ಏರಿಳಿಸುವುದು ಮಾಸ್ಟರಿನಲ್ಲಿ.

ಸ್ಪೀಕರ್ ನಾಬ್ 9 ಗಂಟೆಯಲ್ಲೇ ನಿಂತುಬಿಟ್ಟಿತಲ್ಲ, ಪೂರ್ತಿ ಬಲ ಬರುತ್ತಿಲ್ಲವೇನೋ ಎಂಬ ಅನುಮಾನ ಬೇಡ. ಹಾಡು ಕಂಟ್ರೋಲರಿನಿಂದಲೇ ಗಟ್ಟಿಯಾಗಿ ಬಂದಷ್ಟೂ ಸ್ಪೀಕರ್ ಅದನ್ನು ಹಿಗ್ಗಿಸಬೇಕಾದದ್ದು ಕಡಿಮೆ, ಜೊತೆಗೆ ಹಿಗ್ಗುವ ಸುಸ್ ಸದ್ದೂ ಕಡಿಮೆ. ಬಹಳ ಮನೆಗಳಲ್ಲಿ ಇದರ ತಿರುಗುಮುರುಗು: ಸ್ಪೀಕರ್ ಪೂರ್ತಿ ಏರಿಸಿ, ಮಾಸ್ಟರನ್ನು ಕೂದಲೆಳೆಯಷ್ಟು ತೆರೆಯುವುದು. ನಾಬ್ ಸೊನ್ನೆಯಲ್ಲಿದ್ದರೂ ಹಾರ್ನಿನಿಂದ ಸುಸ್ ಬರುತ್ತಿದ್ದರೆ ಅದು ಪೆಟ್ಟಿಗೆಯ ಹುಟ್ಟುಗುಣ, ದೂರ ಇಡುವುದೊಂದೇ ದಾರಿ.

ಹಾಡಿನ ಫೈಲೂ ಲೆಕ್ಕಕ್ಕೆ ಬರುತ್ತದೆ. ವಾಟ್ಸ್‌ಆ್ಯಪಿನಲ್ಲಿ ಓಡಾಡಿ ಬಂದ 128 ಕೆಬಿಪಿಎಸ್ ಹಾಡು ಇಯರ್‌ಫೋನಿನಲ್ಲಿ ಹೇಗೋ ನಡೆದೀತು, ಹಾರ್ನಿನಲ್ಲಿ ಸಿಂಬಲ್ ನೀರು ಕಲಸಿದಂತೆ ಕೇಳುತ್ತದೆ. 320ರ ಎಂಪಿ3 ಅಥವಾ ವೇವ್ ಫೈಲ್ ಇಟ್ಟುಕೊಳ್ಳಿ.

ಆನ್ ಮಾಡುವಾಗ ಸ್ಪೀಕರ್ ಕೊನೆಗೆ, ಆಫ್ ಮಾಡುವಾಗ ಸ್ಪೀಕರ್ ಮೊದಲು. ಕರೆಂಟು ಹೋಯಿತೆಂದರೆ ಕೂಡಲೇ ಸ್ಪೀಕರ್ ಸ್ವಿಚ್ ಆಫ್ ಮಾಡಿಬಿಡಿ, ಮರಳಿ ಬರುವಾಗಿನ ಧಡ್ ಎಂಬ ಹೊಡೆತ ಕೋನಿಗೆ ಒಳ್ಳೆಯದಲ್ಲ.

ಪೆಟ್ಟಿಗೆ ಎಲ್ಲಿಡಬೇಕು

ಕಾರ್ಯಕ್ರಮದ ಅಭ್ಯಾಸಬಲದಿಂದ ಹಲವರು ಮನೆಯಲ್ಲೂ ಸ್ಪೀಕರನ್ನು ಎದುರಿನ ಗೋಡೆಗೆ ಮುಖಮಾಡಿ ಇಟ್ಟು ತಾವು ಹಿಂದೆ ನಿಲ್ಲುತ್ತಾರೆ. ಬೇಸ್ ಎಲ್ಲ ದಿಕ್ಕಿಗೂ ಹರಡುತ್ತದೆ, ಹಾರ್ನಿನ ಸದ್ದು ಮುಂದಕ್ಕೆ ಮಾತ್ರ. ಹಿಂದೆ ನಿಂತವರಿಗೆ ಕೇಳುವುದು ಬರೀ ಗುಡುಗುಡು, ಮತ್ತು ಗೋಡೆಗೆ ಬಡಿದು ತಡವಾಗಿ ಬಂದ ಟ್ರೆಬಲ್. ಹಾಗೆ ಕೇಳುತ್ತ ಹೈ ಏರಿಸುವ ರೂಢಿ ಬಿದ್ದರೆ ಮುಂದೆ ಚಪ್ಪರದಲ್ಲಿ ಜನ ಕಿವಿ ಮುಚ್ಚಿಕೊಳ್ಳುತ್ತಾರೆ. ಮನೆಯಲ್ಲಿ ಸ್ಪೀಕರಿನ ಮುಖ ನಿಮ್ಮ ಕಡೆಗಿರಲಿ.

ಎರಡು ಸ್ಪೀಕರ್ ಮತ್ತು ನಿಮ್ಮ ತಲೆ ಸಮಬಾಹು ತ್ರಿಕೋನವಾಗಲಿ, ಬಾಹು ಒಂದೂವರೆಯಿಂದ ಎರಡು ಮೀಟರ್. ಹಾರ್ನ್ ನಿಮ್ಮ ಕಿವಿಯ ಎತ್ತರಕ್ಕೆ ಬರಬೇಕು. ನಿಂತು ನುಡಿಸುವವರಿಗೆ ಅದು ನೆಲದಿಂದ ಐದಡಿ ಆಸುಪಾಸು, 35 ಮಿಲಿಮೀಟರ್ ಕೊಳವೆಯ ಮಾಮೂಲಿ ಸ್ಟ್ಯಾಂಡಿನಲ್ಲಿ ಸಲೀಸಾಗಿ ಸಿಗುವ ಎತ್ತರ. ಕಂಟ್ರೋಲರ್ ಇರುವ ಮೇಜಿನ ಮೇಲೇ ಪೆಟ್ಟಿಗೆ ಕೂರಿಸಬೇಡಿ. ಮೇಜು ನಡುಗಿ ಬೇಸ್ ಮಬ್ಬಾಗುತ್ತದೆ, ಟರ್ನ್‌ಟೇಬಲ್ ಇದ್ದರಂತೂ ನಡುಕ ಸೂಜಿಗೆ ಹತ್ತಿ ಊಳಿಡಲು ಶುರುವಾಗುತ್ತದೆ. ದೂರ ಹೆಚ್ಚಿಸುವ ಆಸೆಯೂ ಬೇಡ. ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು, ಸ್ಪೀಕರ್ ಒಳಗಿನ ಡಿಎಸ್‌ಪಿ (ಸದ್ದು ತಿದ್ದುವ ಡಿಜಿಟಲ್ ಚಿಪ್) ಇನ್ನೊಂದಿಷ್ಟು ಸೇರಿಸುತ್ತದೆ. ಹೆಡ್‌ಫೋನಿನ ಬೀಟಿಗೂ ಕೋಣೆಯ ಬೀಟಿಗೂ ಈ ಅಂತರ ಬೆಳೆದಷ್ಟೂ ಕೈ ತಪ್ಪುತ್ತದೆ.

ಇನ್ನು ಗೋಡೆ. ಪೆಟ್ಟಿಗೆಯಿಂದ ಹಿಂದಿನ ಗೋಡೆಗೆ 1 ಮೀಟರ್ ಇದ್ದರೆ, ಹೋಗಿಬಂದ ಅಲೆ ಸುಮಾರು 86 ಹರ್ಟ್ಸಿನಲ್ಲಿ ಮುಂದಿನ ಸದ್ದಿಗೆ ಎದುರಾಗಿ ಅದನ್ನು ತಿಂದುಹಾಕುತ್ತದೆ. ಕಿಕ್ಕಿನ ಏಟು ಇರುವುದೇ ಅಲ್ಲಿ! ಸಣ್ಣ ಕೋಣೆಯಲ್ಲಿ ಪೆಟ್ಟಿಗೆಯ ಬೆನ್ನನ್ನು ಗೋಡೆಗೆ ಗೇಣು ದೂರಕ್ಕೆ ಒತ್ತುವುದೇ ವಾಸಿ. ಬೇಸ್ ತುಸು ಉಬ್ಬುತ್ತದೆ, ಆದರೆ ಸಣ್ಣ ಸದ್ದಿನಲ್ಲಿ ಆ ಉಬ್ಬು ನಮಗೆ ಬೇಕಾದದ್ದೇ. ಮೂಲೆಗೆ ಮಾತ್ರ ತುರುಕಬೇಡಿ.

ನೀವು ನಿಲ್ಲುವ ಜಾಗ ಇದಕ್ಕಿಂತ ಮುಖ್ಯ. 12 ಅಡಿ ಉದ್ದದ ಕೋಣೆಯಲ್ಲಿ ಸುಮಾರು 47 ಹರ್ಟ್ಸ್, 10 ಅಡಿಯ ಅಗಲಕ್ಕೆ ಸುಮಾರು 56 ಹರ್ಟ್ಸ್ ಗೋಡೆಗಳ ನಡುವೆ ನಿಂತ ಅಲೆಯಾಗುತ್ತದೆ. ಆ ಅಲೆ ಗೋಡೆಯ ಹತ್ತಿರ ಗುಡುಗುತ್ತದೆ, ಸರಿ ನಡುವಿನಲ್ಲಿ ಸತ್ತುಹೋಗುತ್ತದೆ. ಸಬ್‌ಬೇಸ್ (ಅತಿ ತಳದ ಬೇಸ್) ಇರುವ ಒಂದು ಹಾಡು ಹಾಕಿ ಕೋಣೆಯ ಉದ್ದಕ್ಕೆ ಒಂದೊಂದೇ ಹೆಜ್ಜೆ ನಡೆದು ನೋಡಿ, ಕಿವಿಗೇ ಗೊತ್ತಾಗುತ್ತದೆ. ಮುಂದಿನ ಗೋಡೆಯಿಂದ ಉದ್ದದ ಶೇಕಡಾ 38ರಷ್ಟು, ಅಂದರೆ 12 ಅಡಿಗೆ ನಾಲ್ಕೂವರೆ ಅಡಿಯ ಜಾಗದಿಂದ ಹುಡುಕಾಟ ಶುರುಮಾಡಿ. ತ್ರಿಕೋನದ ಅಳತೆಗಾಗಿ ಹಿಂದೆ ಬರಬೇಕಾದರೆ ಚಿಂತೆಯಿಲ್ಲ, ಆರಡಿಯ ನಡುಗೆರೆಯಲ್ಲಿ ಮಾತ್ರ ನಿಲ್ಲಬೇಡಿ.

ಕೋಣೆ

ಕಾರವಾರ, ಅಂಕೋಲೆಯ ಹೊಸ ಆರ್‌ಸಿಸಿ ಮನೆಗೂ ಶಿರಸಿ ಸೀಮೆಯ ಹಂಚಿನ ಮಾಳಿಗೆ ಮನೆಗೂ ಕಾಯಿಲೆ ಬೇರೆ ಬೇರೆ. ಸ್ಲ್ಯಾಬ್, ಟೈಲ್ಸ್, ಸಿಮೆಂಟ್ ಗೋಡೆ ಇರುವಲ್ಲಿ ಒಂದು ಚಪ್ಪಾಳೆ ತಟ್ಟಿ. ಟ್ರರ್ರ್ ಎಂಬ ಬಾಲ ಕೇಳಿದರೆ ಎದುರುಬದುರು ಗೋಡೆಗಳ ನಡುವೆ ಸದ್ದು ಚೆಂಡಿನಂತೆ ಪುಟಿಯುತ್ತಿದೆ. ಹಂಚಿನ ಮನೆಯಲ್ಲಿ ಈ ಬಾಲ ಕಡಿಮೆ, ಬೇಸೂ ಮೇಲಿನಿಂದ ಸೋರಿ ಹೋಗುವುದರಿಂದ ಅಷ್ಟು ಗುಮ್ಮೆನ್ನುವುದಿಲ್ಲ. ಅಲ್ಲಿಯ ಕಾಟ ಗಲಗಲದ್ದು: ಅಟ್ಟದ ಹಿತ್ತಾಳೆ ಪಾತ್ರೆ, ಸಡಿಲ ಹಂಚು, ಕಿಟಕಿಯ ಗಾಜು, ಗೋಡೆಯ ದೇವರ ಪಟ. ಟೋನ್ ಜನರೇಟರ್ ಆ್ಯಪಿನಿಂದ 40ರಿಂದ 120 ಹರ್ಟ್ಸ್‌ವರೆಗೆ ಮೆಲ್ಲಗೆ ಏರಿಸುತ್ತ ಇನ್ನೊಬ್ಬರನ್ನು ಒಂದೊಂದನ್ನೇ ಕೈಯಲ್ಲಿ ಒತ್ತಿ ಹಿಡಿಯಲು ಹೇಳಿ. ಯಾವುದನ್ನು ಹಿಡಿದಾಗ ಗಲಗಲ ನಿಂತಿತೋ ಅದರಡಿ ಬಟ್ಟೆ ಮಡಿಸಿ ಇಡಿ. ಸ್ಪೀಕರ್ ಹರಿದಿದೆ ಎಂದು ರಿಪೇರಿಗೆ ಹೊತ್ತೊಯ್ಯುವ ಮೊದಲು ಇದೊಂದು ಪರೀಕ್ಷೆ ಮಾಡಿ.

ಸದ್ದು ಹೀರಲು ಮನೆಯಲ್ಲಿರುವ ಅತ್ಯುತ್ತಮ ವಸ್ತು ಹತ್ತಿ ಹಾಸಿಗೆ. ನಾಲ್ಕು ಇಂಚಿನ ಹಾಸಿಗೆ ಗೋಡೆಗೆ ಒರಗಿದ್ದರೆ ಸುಮಾರು 850 ಹರ್ಟ್ಸಿನಿಂದ ಮೇಲೆ ಚೆನ್ನಾಗಿ ಹೀರುತ್ತದೆ. ಗೋಡೆಯಿಂದ ನಾಲ್ಕು ಇಂಚು ಮುಂದೆ ನಿಲ್ಲಿಸಿದರೆ ಅರ್ಧಕ್ಕೆ, 430ರ ಹತ್ತಿರಕ್ಕೆ ಇಳಿಯುತ್ತದೆ. ಖರ್ಚಿಲ್ಲದೆ ಸಿಕ್ಕ ಲಾಭ. ಒಂದನ್ನು ನಿಮ್ಮ ಬೆನ್ನ ಹಿಂದೆ, ಇನ್ನೊಂದನ್ನು ಬದಿಯ ಗೋಡೆಗೆ ನಿಲ್ಲಿಸಿ. ಬದಿಯ ಜಾಗ ಗುರುತಿಸಲು ಗೋಡೆಗುಂಟ ಕನ್ನಡಿ ಸರಿಸಿ, ನೀವು ನಿಂತಲ್ಲಿಂದ ಎಲ್ಲಿ ಹಾರ್ನ್ ಕಾಣಿಸುತ್ತದೋ ಅದೇ ಜಾಗ. ನೆಲಕ್ಕೆ ದಪ್ಪ ಕಂಬಳಿ ಸಾಕು. ಮೀನಿನ ಥರ್ಮಾಕೋಲ್ ಪೆಟ್ಟಿಗೆ ಒಡೆದು ಗೋಡೆಗೆ ಅಂಟಿಸುವುದು, ಮೊಟ್ಟೆ ಟ್ರೇ ಹೊಡೆಯುವುದು ದಂಡ. ಥರ್ಮಾಕೋಲಿನ ಗುಳ್ಳೆ ಮುಚ್ಚಿಕೊಂಡಿರುತ್ತದೆ, ಸದ್ದು ಒಳಹೋಗುವುದಿಲ್ಲ. ಅಂಗಡಿಯ ಒಂದಿಂಚು ಫೋಮ್ ಕೂಡ ಸರಿಯಾಗಿ ಹೀರುವುದು 3400 ಹರ್ಟ್ಸಿನ ಮೇಲಷ್ಟೇ.

ಕೊನೆಗೆ ಇಕ್ಯೂ

ಪೆಟ್ಟಿಗೆಯಲ್ಲಿ ಡಿಜೆ, ಕ್ಲಬ್ ಎಂಬ ಸಿದ್ಧ ಸೆಟ್ಟಿಂಗ್ ಇದ್ದರೆ ಅದು ಸಾಮಾನ್ಯವಾಗಿ ಬೇಸ್-ಟ್ರೆಬಲ್ ಎರಡನ್ನೂ ಉಬ್ಬಿಸುತ್ತದೆ. ಫ್ಲ್ಯಾಟಿನಲ್ಲಿಡಿ. ಆಮೇಲೆ ಎರಡೇ ಕೆಲಸ: 2500ರಿಂದ 4000 ಹರ್ಟ್ಸ್ ನಡುವೆ 2-3 ಡಿಬಿ ಇಳಿಸಿದರೆ ಹಾರ್ನಿನ ಚುಚ್ಚು ತಗ್ಗುತ್ತದೆ, 80ರ ಕೆಳಗೆ ಹೆಚ್ಚೆಂದರೆ 3 ಡಿಬಿ ಏರಿಸಿ. ಇದನ್ನು ಸ್ಪೀಕರಿನ ಸ್ವಂತ ಇಕ್ಯೂನಲ್ಲೇ ಮಾಡಬೇಕು. ಕಂಟ್ರೋಲರಿನ ಮೂರು ನಾಬ್ ಇರುವುದು ಹಾಡಿಂದ ಹಾಡಿಗೆ ದಾಟಲು. ಅವನ್ನು ಕೋಣೆಯ ದೋಷಕ್ಕೆ ಮೀಸಲಿಟ್ಟರೆ ಮಿಕ್ಸಿಂಗಿಗೆ ಉಳಿಯುವುದೇನು? ಹದ ಬಂತೋ ಎಂದು ನೋಡಲು ಅರೆದು ಕುಡಿದಂಥ ಒಂದೇ ಹಾಡನ್ನು ಹೆಡ್‌ಫೋನಿನಲ್ಲೂ ಸ್ಪೀಕರಿನಲ್ಲೂ ಕೇಳಿ ಹೋಲಿಸಿ. ಪಾತಾಳಕ್ಕಿಳಿಯುವ ಸಬ್ ಮನೆಯಲ್ಲಿ ಹೆಡ್‌ಫೋನಿನಷ್ಟು ಸ್ಪಷ್ಟ ಬಾರದು, ಅದನ್ನು ಬೆನ್ನಟ್ಟಬೇಡಿ.

ಕಿವಿ ಮತ್ತು ಪಾಗಾರದ ಆಚೆ

85 ಡಿಬಿಯಲ್ಲಿ 8 ತಾಸು ಕಿವಿಗೆ ಮಿತಿ, ಪ್ರತಿ 3 ಡಿಬಿಗೆ ಅದು ಅರ್ಧವಾಗುತ್ತದೆ. 94ರಲ್ಲಿ ಒಂದೇ ತಾಸು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶಕ್ಕೆ ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ 55 ಡಿಬಿ, ರಾತ್ರಿಗೆ 45. ಖಾಸಗಿ ಸೌಂಡ್ ಸಿಸ್ಟಮ್ ಮನೆಯ ಗಡಿಯಲ್ಲಿ ಈ ಮಿತಿಯನ್ನು 5 ಡಿಬಿಗಿಂತ ಹೆಚ್ಚು ಮೀರಬಾರದು. ಕೋಣೆಯಲ್ಲಿ 78 ಇಟ್ಟು ಪಾಗಾರದ ಹತ್ತಿರ ಫೋನ್ ಹಿಡಿದು ನೋಡಿ. ಕಿಟಕಿ ಮುಚ್ಚಿದ ಸ್ಲ್ಯಾಬ್ ಮನೆ ತಡೆಯುತ್ತದೆ, ಹಂಚಿನ ಮನೆ ತಡೆಯುವುದಿಲ್ಲ. ರಾತ್ರಿ ಹತ್ತು ದಾಟಿದರೆ ಹೆಡ್‌ಫೋನ್.

ಮಳೆಗಾಲದ ಆರೈಕೆ

ಕರಾವಳಿಯ ಗಾಳಿಯಲ್ಲಿ ಉಪ್ಪಿದೆ, ಜೂನಿನಿಂದ ಸೆಪ್ಟೆಂಬರ್‌ವರೆಗೆ ತೇವ ಬಿಡುವುದಿಲ್ಲ. ಬಳಸದಿದ್ದರೂ ವಾರಕ್ಕೊಮ್ಮೆ ಅರ್ಧ ತಾಸು ಓಡಿಸಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಮೇಲೆ ಪ್ಲಾಸ್ಟಿಕ್ ಬಿಗಿಯಬೇಡಿ, ಹತ್ತಿಬಟ್ಟೆ ಹೊದೆಸಿ. ಆರ್‌ಸಿಎ ಪಿನ್ನುಗಳನ್ನು ಜಾಗದಲ್ಲೇ ಹತ್ತು ಸಲ ತಿರುವಿದರೆ ಕಿಲುಬು ಉಜ್ಜಿಹೋಗುತ್ತದೆ. ಎಕ್ಸ್‌ಎಲ್‌ಆರಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ. ಏಪ್ರಿಲ್-ಮೇ ಮತ್ತು ಅಕ್ಟೋಬರಿನ ಗುಡುಗಿಗೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕೀಳಿ.

ಸೀಸನ್ನಿಗೆ ಹೊರತೆಗೆಯುವ ಮೊದಲು ಬೇಸ್ ಪೋರ್ಟಿನ ತೂತಿಗೆ ಟಾರ್ಚ್ ಹಾಕಿ ನೋಡಿ, ಕಣಜದ ಮಣ್ಣುಗೂಡು ಸಿಕ್ಕರೆ ಆಶ್ಚರ್ಯವಿಲ್ಲ. ಆಮೇಲೆ ಎರಡೂ ಪೆಟ್ಟಿಗೆಗಳನ್ನು ಅಕ್ಕಪಕ್ಕ ನಿಲ್ಲಿಸಿ, ಮೊನೊ ಮಾಡಿ (ಎಡ-ಬಲ ಬೆರೆಸಿ ಎರಡಕ್ಕೂ ಒಂದೇ ಸದ್ದು ಕೊಟ್ಟು), ಒಂದೇ ಹಾಡನ್ನು ಒಂದಾದ ಮೇಲೊಂದರಲ್ಲಿ ಕೇಳಿ. ಒಂದರ ಹಾರ್ನ್ ಮಂಕಾಗಿದ್ದರೆ ಕೇಬಲ್ ಅದಲು ಬದಲು ಮಾಡಿ. ಮಂಕು ಕೇಬಲಿನ ಹಿಂದೆ ಹೋದರೆ ಬೆಸುಗೆ ನೋಡಿ, ಅದೇ ಪೆಟ್ಟಿಗೆಯಲ್ಲಿ ಉಳಿದರೆ ಹಾರ್ನಿನ ಡಯಾಫ್ರಮ್ (ಒಳಗೆ ನಡುಗುವ ತೆಳು ಪೊರೆ) ಬಿಚ್ಚಿ ನೋಡಬೇಕು.